ಕರೆಂಟ್ ಮೀಟರ್ ಸಾಕು ಅಂದಿದ್ದು ನಾನು

ಅವತ್ತು ಭಾನುವಾರ, ಜನವರಿ ತಿಂಗಳು. ನಾನು ಮತ್ತು ನನ್ನ ಗಂಡ ವ್ಯಾನ್ ತಗೊಂಡು ಕಿಶನ್‌ನ ಗ್ಯಾರೇಜಿಗೆ ಹೋಗಿದ್ದೆವು. ಇಂಜಿನ್ ಎಷ್ಟು ಬಿಸಿ ಇದೆ ಅಂತ ತೋರಿಸುವ ಮೀಟರ್ ಹಾಕಿಸಬೇಕಿತ್ತು. ಎರಡು ಥರದ್ದು ಇತ್ತು. ಯಾವುದು ಹಾಕಿಸುವುದು ಅಂತ ಅಲ್ಲೇ ನಮ್ಮಿಬ್ಬರಿಗೆ ಜಗಳ ಆಯಿತು. ಗೆದ್ದದ್ದು ನಾನು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅವರು ಇರಲಿಲ್ಲ.

ಅವರ ಹೆಸರು ಮೋನಪ್ಪ. ಊರು ಪುತ್ತೂರಿನ ಹತ್ತಿರ. ನಾವು ಫರೀದಾಬಾದಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಇಡ್ಲಿ, ವಡೆ, ಸಾಂಬಾರ್ ಮಾಡುತ್ತಿದ್ದೆವು. ಅದನ್ನು ಅವರು ವ್ಯಾನಿನಲ್ಲಿ ದಿಲ್ಲಿಯ ಓಲ್ಡ್ ರಾಜಿಂದರ್ ನಗರಕ್ಕೆ ಒಯ್ಯುತ್ತಿದ್ದರು. ಅಲ್ಲಿ ಐಎಎಸ್ ಓದುವ ಹುಡುಗರು, ಹುಡುಗಿಯರು ಇರುವ ಮೂರು ಪೀಜಿಗೆ ನಮ್ಮದೇ ತಿಂಡಿ. ನಮ್ಮ ಕಡೆಯ ಮಕ್ಕಳೇ ಹೆಚ್ಚು. ಅವರಿಗೆ ಎಂಟು ಗಂಟೆಗೆ ತಿಂಡಿ ಬೇಕು. ಭಾನುವಾರ ಮಾತ್ರ ಅವರು ಹನ್ನೊಂದರವರೆಗೆ ಮಲಗುತ್ತಾರೆ. ಅವತ್ತು ನಮಗೂ ರಜೆ.

ವ್ಯಾನ್ ಹಳೆಯದು, ಗ್ಯಾಸಿನಲ್ಲಿ ಓಡುವುದು. ಇಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇತ್ತು. ಅದರ ಮೀಟರ್ ದಸರೆಯ ಹೊತ್ತಿಗೆ ಸತ್ತಿತ್ತು. ಗಾಡಿ ಎಷ್ಟೇ ಓಡಿದರೂ ಮುಳ್ಳು ಮೇಲೆ ಏಳುತ್ತಿರಲಿಲ್ಲ. ಹಾಗಾಗಿ ಅಂದಿನಿಂದ ದಿನಾ ಬೆಳಿಗ್ಗೆ ಗಾಡಿ ಹೊರಡುವ ಮೊದಲು ನಾನು ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡುತ್ತಿದ್ದೆ. ಕತ್ತಿನವರೆಗೆ ನೀರು ಇಲ್ಲದಿದ್ದರೆ ಸ್ಟೀಲಿನ ಚೆಂಬಿನಿಂದ ಹಾಕುತ್ತಿದ್ದೆ. ಫರೀದಾಬಾದಿನ ನಲ್ಲಿ ನೀರು ಹಾಕುವ ಹಾಗಿಲ್ಲ, ಪಾತ್ರೆಗೇ ಬಿಳಿ ಹಿಡಿಯುತ್ತದೆ. ಕುಡಿಯುವ ನೀರೇ ಹಾಕುತ್ತಿದ್ದೆ. ಅವರು ಸ್ಟಿಯರಿಂಗ್ ಹಿಡಿದು ಕೂತು ಕೇಳುತ್ತಿದ್ದರು.

"ಕುಡಿಯಿತಾ?"

"ಕುಡಿಯಿತು."

"ಎಷ್ಟು?"

"ಅರ್ಧ ಚೆಂಬು."

"ನನಗೆ ಅರ್ಧ ಲೋಟ ಚಹಾ ಕೊಡ್ಲಿಕ್ಕೆ ನಿನಗೆ ಪುರುಸೊತ್ತಿಲ್ಲ. ಇದಕ್ಕೆ ಅರ್ಧ ಚೆಂಬು."

ದಿನಾ ಇದೇ ಮಾತು. ಮೂರು ತಿಂಗಳು ಹೀಗೇ ನಡೆಯಿತು. ಜನವರಿಯಲ್ಲಿ ಆ ನೀರು ಮುಟ್ಟಿದರೆ ಬೆರಳು ಕಡಿದ ಹಾಗೆ ಆಗುತ್ತಿತ್ತು. ನನ್ನ ಕೈ ಒಡೆದು ರಕ್ತ ಬರುತ್ತಿತ್ತು. ಅದು ನೀರಿನಿಂದ ಮಾತ್ರ ಅಲ್ಲ, ಉದ್ದು ತೊಳೆದೂ ತೊಳೆದೂ ಆಗಿದ್ದು. ಅವರು ನನ್ನ ಕೈ ಹಿಡಿದು ನೋಡಿ, "ಇದು ಕೈಯಾ, ಹಾಗಲಕಾಯಿಯಾ?" ಅಂತ ಕೇಳಿದ್ದರು. ಮೀಟರ್ ಹಾಕಿಸುವ ಯೋಚನೆ ಬಂದದ್ದು ಆಮೇಲೆ.

ಕಿಶನ್ ನಮ್ಮ ಗಲ್ಲಿಯ ತುದಿಯಲ್ಲಿರುವ ಮೆಕ್ಯಾನಿಕ್. ಫರೀದಾಬಾದಿನವನೇ. ಇವರಿಗಿಂತ ಎರಡು ವರ್ಷ ಚಿಕ್ಕವನು. ಅವನು ಎರಡು ಡಬ್ಬಿ ತಂದು ಬೆಂಚಿನ ಮೇಲೆ ಇಟ್ಟ.

"ಯೇ ಪೈಪ್‌ವಾಲಾ, ಯೇ ಕರೆಂಟ್‌ವಾಲಾ. ನೀವೇ ಹೇಳಿ ಭಾಯಿಸಾಬ್."

ಪೈಪಿನ ಮೀಟರಿನಲ್ಲಿ ಕಿರುಬೆರಳಿನಷ್ಟು ದೊಡ್ಡ ಹಿತ್ತಾಳೆಯ ಒಂದು ತುಂಡು. ಅದರಿಂದ ಮೀಟರಿನವರೆಗೆ ತಾಮ್ರದ ಸಣ್ಣ ಪೈಪು. ಹಿತ್ತಾಳೆ ತುಂಡನ್ನು ಇಂಜಿನ್ನಿನ ನೀರಿನಲ್ಲಿ ಕೂರಿಸುವುದು. ನೀರು ಬಿಸಿಯಾದರೆ ಪೈಪಿನ ಒಳಗೆ ಇರುವುದು ಉಬ್ಬಿ ಮುಳ್ಳನ್ನು ತಳ್ಳುತ್ತದೆ. ಬ್ಯಾಟರಿ ಬೇಡ. ಇನ್ನೊಂದರಲ್ಲಿ ಪೈಪು ಇಲ್ಲ. ಒಂದು ಸೆನ್ಸರ್, ಒಂದು ವೈರು. ಕರೆಂಟಿನಿಂದ ಮುಳ್ಳು ಏಳುವುದು.

ಇವರು ಪೈಪಿನದ್ದನ್ನು ಕೈಗೆ ತಗೊಂಡರು. "ಇದು ಸರಿ. ಇಂಜಿನ್ನಿನ ಬಿಸಿ ನೇರ ಮುಳ್ಳಿಗೆ ಬರ್ತದೆ. ನಡುವೆ ಬ್ರೋಕರ್ ಇಲ್ಲ."

ನಾನು, "ನನ್ನ ಗಾಡಿಯೊಳಗೆ ಪೈಪು ಬೇಡ" ಅಂದೆ.

"ನಿನ್ನ ಗಾಡಿಯಾ? ಆರ್‌ಸಿಯಲ್ಲಿ ನನ್ನ ಹೆಸರುಂಟು."

"ಸಾಂಬಾರ್ ಯಾರದ್ದು?"

ಅವರು ಕಿಶನ್‌ನ ಮುಖ ನೋಡಿ ನಕ್ಕರು. ನಾನು ನಗಲಿಲ್ಲ. ಪೈಪಿನ ಮೇಲೆ ನನಗೆ ಸಿಟ್ಟು ಇತ್ತು. ನಾಲ್ಕು ವರ್ಷದ ಹಿಂದೆ, ವ್ಯಾನ್ ಹೊಸದಾಗಿ ತಂದಾಗ, ಹಳೇ ಓನರ್ ಅದರಲ್ಲಿ ಆಯಿಲ್ ನೋಡುವ ಒಂದು ಮೀಟರ್ ಹಾಕಿಸಿದ್ದ. ಅದಕ್ಕೂ ಇಂಥದ್ದೇ ಸಣ್ಣ ಪೈಪು. ಒಂದು ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ಅದು ಒಡೆಯಿತು. ಕುದಿಯುವ ಆಯಿಲ್ ನನ್ನ ಎಡಗಾಲಿನ ಮೇಲೆ ಬಿತ್ತು. ವಡೆಯ ಬುಟ್ಟಿಗೂ ಬಿತ್ತು. ಗುರುತು ಈಗಲೂ ಇದೆ. ಅವತ್ತು ಹುಡುಗರಿಗೆ ವಡೆ ಇಲ್ಲ. ಒಂದು ವಾರ ಗಾಡಿ ತುಂಬ ಆಯಿಲ್ ವಾಸನೆ.

ಕಿಶನ್ ಹೇಳಿದ. ಅವನು ಮಾತಾಡಿದ್ದು ಹಿಂದಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಭಾಭಿ, ಅದು ಬೇರೆ, ಇದು ಬೇರೆ. ಇದರಲ್ಲಿ ಆಯಿಲ್ ಬರೋದಿಲ್ಲ. ಎರಡೂ ಕಡೆ ಬಂದ್ ಮಾಡಿರೋ ಪೈಪು."

"ಅವತ್ತು ಗಾಡಿ ಮಾರಿದವನೂ ಏನೂ ಆಗುವುದಿಲ್ಲ ಅಂತಲೇ ಹೇಳಿದ್ದ" ಅಂದೆ. ಕಾಲು ತೋರಿಸಿದೆ. "ಪೈಪು ಅಂದರೆ ಪೈಪು. ಕರೆಂಟ್ ಮೀಟರ್ ಸಾಕು."

ಇವರು ಪೈಪಿನ ಮೀಟರನ್ನು ಡಬ್ಬಿಗೆ ವಾಪಸ್ ಹಾಕಿದರು. "ಚಲೋ ಕಿಶನ್, ಕರೆಂಟ್‌ವಾಲಾ ಲಗಾ ದೋ. ನಂಗೆ ರಾತ್ರಿ ಊಟ ಬೇಕು."

ಕಿಶನ್ ಕೆಲಸ ಶುರು ಮಾಡಿದ. ನಾನು ತರಕಾರಿ ತರಲು ಮಾರ್ಕೆಟ್ಟಿಗೆ ಹೋದೆ. ಬರುವಷ್ಟರಲ್ಲಿ ಮೀಟರ್ ಹಾಕಿ ಆಗಿತ್ತು. ಹೊಸ ಮೀಟರಿಗೆ ಒಳಗೆ ಹಸಿರು ದೀಪ. ಇವರು ಮಗುವಿನ ಹಾಗೆ ಎರಡು ಸಲ ದೀಪ ಹಾಕಿ ತೋರಿಸಿದರು. ಮನೆಗೆ ಬರುವಾಗ ಮುಳ್ಳು ನಿಧಾನಕ್ಕೆ ಎದ್ದು ನಡುವಿಗೆ ಬಂದು ನಿಂತಿತು. ನೋಡಿ ಇಬ್ಬರಿಗೂ ಖುಷಿಯಾಯಿತು.

"ನಾಳೆಯಿಂದ ನಿನಗೆ ರಜೆ" ಅಂದರು. "ನೀರು ಗೀರು ಎಂತ ಬೇಡ. ಇನ್ನು ಇವನೇ ನೋಡಿಕೊಳ್ತಾನೆ."

ಸಂಜೆ ಅಕ್ಕಿ ರುಬ್ಬಿದೆವು. ಮಗಳು ಸುಪ್ರೀತಾ ಕಾಲೇಜಿನ ಯಾವುದೋ ಪ್ರಾಜೆಕ್ಟ್ ಅಂತ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಅನ್ನ, ಬಸಳೆ ಪದಾರ್ಥ ಊಟ. ಬಸಳೆ ನಾನು ಬಾಗಿಲ ಪಕ್ಕದ ಕುಂಡದಲ್ಲಿ ಬೆಳೆಸಿದ್ದು. ಚಳಿಗೆ ಮುದುಡಿತ್ತು, ಅದನ್ನೇ ಮಾಡಿದ್ದೆ. ಅವರು ಎರಡು ಸಲ ಹಾಕಿಸಿಕೊಂಡರು. ಇಷ್ಟೇ. ಬೇರೆ ಏನೂ ಆಗಲಿಲ್ಲ ಅವತ್ತು.

ಸೋಮವಾರ ಬೆಳಿಗ್ಗೆ ಮಂಜು. ಎದುರು ಮನೆಯ ಗೇಟು ಕಾಣುತ್ತಿರಲಿಲ್ಲ. ಐದೂವರೆಗೆ ಡಬ್ಬಿಗಳನ್ನು ಹತ್ತಿಸಿದೆವು. ಸಾಂಬಾರಿನ ಬಕೆಟು, ಚಟ್ನಿಯ ಬಕೆಟು, ಅದಕ್ಕೆ ಕೆಂಪು ಮುಚ್ಚಳ. ಅಭ್ಯಾಸಕ್ಕೆ ನಾನು ಚೆಂಬಿನಲ್ಲಿ ನೀರು ಹಿಡಿದು ಹೊರಗೆ ಬಂದಿದ್ದೆ. ಅವರು ಗಾಡಿ ಸ್ಟಾರ್ಟ್ ಮಾಡಿದರು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಮುಳ್ಳು ಕೆಳಗೆ ಇತ್ತು.

"ತಣ್ಣಗಿದೆ, ಅದಕ್ಕೆ ಕೆಳಗೆ" ಅಂತ ಮೇಷ್ಟ್ರ ಹಾಗೆ ಹೇಳಿದರು. ಆಮೇಲೆ ಚೆಂಬು ನೋಡಿದರು. "ರಜೆ ಅಂದೆನಲ್ಲ ಮಾರಾಯ್ತಿ. ಒಳಗೆ ಹೋಗು, ಚಳಿ."

ನಾನು ಒಳಗೆ ಹೋದೆ.

ಆರೂ ಇಪ್ಪತ್ತಕ್ಕೆ ಅವರ ಫೋನ್ ಬಂತು.

"ಗಾಡಿ ನಿಂತಿತು."

"ಎಲ್ಲಿ? ಎಂತ ಆಯ್ತು?"

"ಬದರ್‌ಪುರ ದಾಟಿ. ಸುಟ್ಟ ವಾಸನೆ ಬರ್ತಾ ಉಂಟು. ಸೀಟು ಎತ್ತಿದರೆ ಒಳಗೆ ಬೆಂಕಿಯ ಹಾಗೆ ಬಿಸಿ. ನಿನ್ನ ಕರೆಂಟ್ ಮುಳ್ಳು ಮಾತ್ರ ಕೆಳಗೇ ಮಲಗಿದೆ. ಅದಕ್ಕೆ ಇನ್ನೂ ಬೆಳಗಾಗಲಿಲ್ಲ."

"ಕಿಶನ್‌ಗೆ ಫೋನ್ ಮಾಡಿ."

"ಮಾಡ್ತೇನೆ. ಹುಡುಗರಿಗೆ ಹೇಳು, ತಿಂಡಿ ತಡ ಅಂತ."

ನಾನು ಹುಡುಗರಿಗೆ ಹೇಳಲಿಲ್ಲ. ಸರಿಯಾಗುತ್ತದೆ ಅಂದುಕೊಂಡೆ. ಗ್ರೈಂಡರ್ ತೊಳೆದೆ, ಬಟ್ಟೆ ನೆನೆಹಾಕಿದೆ. ಎಂಟು ಗಂಟೆಗೆ ಪೀಜಿಯಿಂದ ಕಾರ್ತಿಕೇಯ ಅನ್ನುವ ಹುಡುಗ ಫೋನ್ ಮಾಡಿದ. "ಆಂಟಿ, ಅಂಕಲ್ ಬರಲಿಲ್ಲ. ಫೋನೂ ಎತ್ತುತ್ತಿಲ್ಲ." ನಾನು ಅವರಿಗೆ ಫೋನ್ ಮಾಡಿದೆ. ಆ ಕಡೆ ಎತ್ತಿದ್ದು ಪೊಲೀಸ್.

ಇವರು ವ್ಯಾನನ್ನು ರಸ್ತೆಯ ಎಡಬದಿಗೆ ತಳ್ಳಿ ನಿಲ್ಲಿಸಿದ್ದರಂತೆ. ಹಿಂದಿನಿಂದ ಬರುವವರಿಗೆ ಕಾಣಲಿ ಅಂತ ಚಟ್ನಿ ಬಕೆಟಿನ ಕೆಂಪು ಮುಚ್ಚಳವನ್ನು ರಸ್ತೆಯಲ್ಲಿ ನಿಲ್ಲಿಸಿ ಕಲ್ಲು ಇಟ್ಟಿದ್ದರಂತೆ. ಆ ಮಂಜಿನಲ್ಲಿ ಅದು ಯಾರಿಗೆ ಕಾಣುತ್ತದೆ. ಅವರು ವ್ಯಾನಿನ ಹಿಂದಿನ ಬಾಗಿಲು ತೆಗೆದು ಕುಡಿಯುವ ನೀರಿನ ಕ್ಯಾನ್ ಇಳಿಸುತ್ತಿದ್ದಾಗ ಟ್ರಕ್ ಬಂತು. ಪೊಲೀಸ್ ನನಗೆ ಫೋನು, ವಾಚು, ಕೆಂಪು ಮುಚ್ಚಳ ಕೊಟ್ಟ. ಮುಚ್ಚಳಕ್ಕೆ ಒಂದು ಗೀರೂ ಆಗಿರಲಿಲ್ಲ.

ಅವರು ಹದಿನೈದು ವರ್ಷದವರಿರುವಾಗ ದಿಲ್ಲಿಗೆ ಬಂದವರು. ಜನಕಪುರಿಯಲ್ಲಿ ನಮ್ಮ ಕಡೆಯವರದ್ದೇ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯಲು ಸೇರಿದರು. ಆಮೇಲೆ ರುಬ್ಬುವ ಕಲ್ಲು, ಆಮೇಲೆ ದೋಸೆ ಕಾವಲಿ. ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತರು. ಬೆರಳಿನ ತುದಿಗಳು ಸುಟ್ಟು ಸುಟ್ಟು ಸತ್ತಿದ್ದವು. ಬಿಸಿಯೋ ತಣ್ಣಗೋ ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ. ಏನಿದ್ದರೂ ಕೈಯ ಹಿಂಬದಿ ಇಟ್ಟು ನೋಡುತ್ತಿದ್ದರು. ಹಾಲು ಕಾದಿದೆಯಾ, ಮಗಳಿಗೆ ಜ್ವರ ಇದೆಯಾ, ಇಂಜಿನ್ ಬಿಸಿಯಾ, ಎಲ್ಲದಕ್ಕೂ ಕೈಯ ಹಿಂಬದಿ. ನನ್ನನ್ನು ನೋಡಲು ಬಂದ ದಿನ ಚಹಾದ ಲೋಟವನ್ನೂ ಹಾಗೇ ಮುಟ್ಟಿ ನೋಡಿದ್ದರು. ನನ್ನ ತಾಯಿ, "ಹುಡುಗನ ಕೈಗೆ ಎಂತ ಆಗಿದೆ?" ಅಂತ ಕೇಳಿದ್ದಳು.

ಕುಡಿಯುತ್ತಿರಲಿಲ್ಲ. ಹೊಡೆಯುತ್ತಿರಲಿಲ್ಲ. ಒಂದೇ ಒಂದು ಕೆಟ್ಟ ಬುದ್ಧಿ. ಅರ್ಧ ಹೇಳುವುದು, ಅರ್ಧ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು. ನನಗೆ ತಲೆಬಿಸಿ ಆಗಬಾರದು ಅಂತ. ಜನಕಪುರಿಯ ಹೋಟೆಲ್ ಮುಚ್ಚಿದಾಗ ಒಂಬತ್ತು ದಿನ ನನಗೆ ಹೇಳಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಪಾರ್ಕಿನಲ್ಲಿ ಕೂತು ಸಂಜೆ ಬರುತ್ತಿದ್ದರು. ಹೋಟೆಲಿನವರಿಗೆ ಬುತ್ತಿ ಯಾಕೆ ಅಂತ ಮೊದಲ ದಿನವೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹತ್ತನೇ ದಿನ ಗೊತ್ತಾಗಿ ನಾನು ಕೂಗಾಡಿದೆ. ಅವರು, "ಹೇಳಿದ್ದರೆ ನೀನು ಒಂಬತ್ತು ದಿನ ಮೊದಲೇ ಕೂಗಾಡುತ್ತಿದ್ದೆ" ಅಂದರು. ಆಮೇಲೆ ನಾವು ಫರೀದಾಬಾದಿಗೆ ಬಂದು ನಮ್ಮದೇ ಅಡುಗೆ ಶುರು ಮಾಡಿದೆವು.

ಅವರು ಹೋದ ಮೇಲೆ ಬಂದವರೆಲ್ಲ ಒಂದೊಂದು ಹೇಳಿದರು. ಮಂಜು ಅಂದರು. ಟ್ರಕ್ಕಿನವ ಅಂದರು. ಹಣೆಯಲ್ಲಿ ಬರೆದದ್ದು ಅಂದರು. ನಾನು ಹೂಂ ಅಂದೆ. ನನಗೆ ಗೊತ್ತಿದ್ದದ್ದು ಒಂದೇ. ಇಂಜಿನ್ ಸುಡುತ್ತಿತ್ತು, ಮುಳ್ಳು ಕೆಳಗೇ ಇತ್ತು. ಮುಳ್ಳು ಎದ್ದಿದ್ದರೆ ಅವರು ಬದರ್‌ಪುರಕ್ಕೆ ಮೊದಲೇ ಎಲ್ಲಾದರೂ ಚಹಾದಂಗಡಿ ಹತ್ತಿರ ನಿಲ್ಲಿಸುತ್ತಿದ್ದರು. ಪೈಪಿನ ಮೀಟರ್ ಆಗಿದ್ದರೆ ಮುಳ್ಳು ಏಳುತ್ತಿತ್ತು. ಪೈಪು ಬೇಡ ಅಂದದ್ದು ನಾನು. ಕಾಲಿನ ಮೇಲಿನ ಒಂದು ಗುರುತಿಗೋಸ್ಕರ.

ಇದನ್ನು ಸುಪ್ರೀತಾಳಿಗೆ ಒಂದು ಸಲ ಹೇಳಿದೆ. ಅವಳು ದಿಲ್ಲಿಯಲ್ಲೇ ಹುಟ್ಟಿದವಳು, ಕನ್ನಡ ಅರ್ಧ, ಹಿಂದಿ ಅರ್ಧ.

"ಅಮ್ಮ, ಐಸಾ ಮತ್ ಸೋಚೋ. ಟ್ರಕ್ ಹೊಡೆದದ್ದು. ಮೀಟರ್ ಅಲ್ಲ."

"ಗಾಡಿ ಯಾಕೆ ನಿಂತಿತು?"

ನಾನು ಮತ್ತೆ ಆ ಮಾತು ಎತ್ತಲಿಲ್ಲ. ಅವಳ ಎದುರು ಮಾತ್ರ ಎತ್ತಲಿಲ್ಲ. ಇಡ್ಲಿ ಹಾಕುವಾಗ, ಬಸ್ಸಿನಲ್ಲಿ ಹೋಗುವಾಗ, ಅದೇ ಬೆಂಚು ಕಾಣುತ್ತಿತ್ತು. ಎರಡು ಡಬ್ಬಿ. ಅವರು ಒಂದನ್ನು ಕೈಗೆ ತಗೊಂಡು ಮತ್ತೆ ಒಳಗೆ ಇಡುತ್ತಾರೆ.

ಎರಡು ತಿಂಗಳು ಒಲೆ ಹಚ್ಚಲಿಲ್ಲ. ಆಮೇಲೆ ಪೀಜಿಯ ಮಕ್ಕಳೇ ಬಂದು ಕೇಳಿದರು. ಒಂದು ಪೀಜಿಗೆ ಮಾತ್ರ ಶುರು ಮಾಡಿದೆ. ಆಟೋದಲ್ಲಿ ಒಯ್ಯುತ್ತಿದ್ದೆ. ಸಾಂಬಾರ್ ಬಕೆಟನ್ನು ಎರಡು ಕಾಲಿನ ನಡುವೆ ಹಿಡಿದು ಕೂತುಕೊಳ್ಳುವುದು. ದಿನಾ ಅದೇ ರಸ್ತೆ. ಆ ಜಾಗ ಬಂದಾಗ ಮುಖ ತಿರುಗಿಸಿ ಬಲಗಡೆ ನೋಡುತ್ತಿದ್ದೆ.

ಮಗಳು ಡ್ರೈವಿಂಗ್ ಕಲಿತಳು. ಡಿಸೆಂಬರಿನಲ್ಲಿ ಇನ್ನೊಂದು ವ್ಯಾನ್ ತಗೊಂಡೆವು. ಇದೂ ಯಾರೋ ಓಡಿಸಿದ್ದೇ. ಗಾಡಿ ಚೆನ್ನಾಗಿದೆ, ಹೀಟ್ ಮೀಟರ್ ಮಾತ್ರ ಸತ್ತಿದೆ, ಬದಲಾಯಿಸಬೇಕು ಅಂತ ಮಾರುವವನೇ ಹೇಳಿದ. ನಾನು ಹೆಗಲ ಮೇಲೆ ಕೈ ಬಿದ್ದ ಹಾಗೆ ನಿಂತೆ.

ಕಿಶನ್‌ನ ಹತ್ತಿರವೇ ಹೋದೆವು. ಹನ್ನೊಂದು ತಿಂಗಳು ನಾನು ಅವನ ಗ್ಯಾರೇಜಿನ ಮುಂದೆ ನಡೆದಿರಲಿಲ್ಲ, ಆಚೆ ಗಲ್ಲಿಯಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಅವನೂ ನಮ್ಮ ಮನೆಗೆ ಬಂದಿರಲಿಲ್ಲ. ಸುಡುವಲ್ಲಿಗೆ ಬಂದಿದ್ದ, ದೂರ ನಿಂತಿದ್ದ. ಈಗ ನನ್ನನ್ನು ನೋಡಿ ಎದ್ದು ಸ್ಟೂಲ್ ಒರೆಸಿ ಕೊಟ್ಟ. ಚಹಾಕ್ಕೆ ಹೇಳಲಿಲ್ಲ, ತಾನೇ ಸಣ್ಣ ಗ್ಯಾಸಿನ ಮೇಲೆ ಪಾತ್ರೆ ಇಟ್ಟ.

"ಮೀಟರ್ ಹಾಕಬೇಕು" ಅಂದೆ.

"ಯಾವುದು?" ಅಂತ ಕೇಳಲು ಅವನಿಗೆ ಬಾಯಿ ಬರಲಿಲ್ಲ. ನಾನೇ ಹೇಳಿದೆ.

"ಪೈಪಿನದ್ದು. ಪೈಪಿನದ್ದೇ ಹಾಕಿ. ಅವತ್ತು ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಅವರು ಇರುತ್ತಿದ್ದರು."

ಸುಪ್ರೀತಾ, "ಅಮ್ಮ, ಪ್ಲೀಸ್" ಅಂದಳು.

ಕಿಶನ್ ನನ್ನ ಮುಖ ನೋಡಿದ. "ಭಾಭಿ, ಇಷ್ಟು ದಿನ ನೀವು ಹಾಗೆ ಅಂದುಕೊಂಡಿದ್ದೀರಾ?"

"ಮತ್ತೆ ಹೇಗೆ ಅಂದುಕೊಳ್ಳುವುದು? ಮುಳ್ಳು ಕೆಳಗೇ ಇದೆ ಅಂತ ಅವರೇ ಫೋನಿನಲ್ಲಿ ಹೇಳಿದರು."

ಅವನು ಒಳಗೆ ಹೋಗಿ ಪೈಪಿನ ಮೀಟರ್ ತಂದ. ಹೊಸದು. ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು, ಚಹಾ ಪುಡಿ ಇನ್ನೂ ಹಾಕಿರಲಿಲ್ಲ. ಹಿತ್ತಾಳೆಯ ತುಂಡನ್ನು ಆ ನೀರಿನಲ್ಲಿ ಮುಳುಗಿಸಿದ. ಮುಳ್ಳು ಎದ್ದಿತು. ನಡು ದಾಟಿ ಕೆಂಪು ಗೆರೆಯ ಹತ್ತಿರ ಹೋಯಿತು.

"ನೋಡ್ತಾ ಇರಿ" ಅಂದ.

ತುಂಡನ್ನು ನೀರಿನಿಂದ ಮೇಲೆತ್ತಿದ. ಒಂದು ಗೇಣು ಪಕ್ಕಕ್ಕೆ ಹಿಡಿದ. ನೀರು ಕೊತಕೊತ ಕುದಿಯುತ್ತಲೇ ಇತ್ತು. ಮುಳ್ಳು ಇಳಿಯಿತು. ನಿಧಾನಕ್ಕೆ, ನಮ್ಮ ಕಣ್ಣೆದುರೇ ಇಳಿದು ಕೆಳಗೆ ಮಲಗಿತು.

"ಇದು ಪೈಪಿನದ್ದು. ಕರೆಂಟಿನದ್ದೂ ಹೀಗೇ. ಎರಡಕ್ಕೂ ಗೊತ್ತಾಗೋದು ನೀರಿನ ಬಿಸಿ, ಇಂಜಿನ್ನಿನ ಬಿಸಿ ಅಲ್ಲ. ನೀರು ಇದ್ದರೆ ಎರಡೂ ನಿಜ ಹೇಳ್ತವೆ. ನೀರು ಕೆಳಗೆ ಹೋದರೆ ಎರಡೂ ಗಾಳಿಯಲ್ಲಿ ನೇತಾಡ್ತವೆ, ಎರಡೂ ತಣ್ಣಗೆ ಅಂತ ತೋರಿಸ್ತವೆ. ಆ ಗಾಡಿ ನಾನು ಆಮೇಲೆ ಠಾಣೆಯಲ್ಲಿ ನೋಡಿದೆ. ಒಳಗೆ ನೀರೇ ಇರಲಿಲ್ಲ ಭಾಭಿ. ಪೈಪಿನದ್ದು ಹಾಕಿದ್ದರೂ ಮುಳ್ಳು ಕೆಳಗೇ ಇರ್ತಿತ್ತು."

ನಾನು ಇಪ್ಪತ್ತೈದು ವರ್ಷ ಇಡ್ಲಿ ಬೇಯಿಸಿದವಳು. ಪಾತ್ರೆಯಲ್ಲಿ ನೀರು ಆರಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಆದರೂ ಮುಳ್ಳನ್ನೇ ನೋಡುತ್ತಾ ಕೂತೆ. ಇನ್ನೊಮ್ಮೆ ಮುಳುಗಿಸಿ ಅಂದೆ. ಅವನು ಮುಳುಗಿಸಿದ, ಎತ್ತಿದ. ಮೂರು ಸಲ ಮಾಡಿಸಿದೆ. ಮೂರು ಸಲವೂ ಇಳಿಯಿತು.

"ನೀರು ಎಲ್ಲಿ ಹೋಯಿತು?" ಅಂತ ಕೇಳಿದೆ.

"ದಿನಾ ಎಷ್ಟು ಹಾಕ್ತಿದ್ರಿ ನೀವು?"

"ಅರ್ಧ ಚೆಂಬು. ಕೆಲವು ದಿನ ಒಂದು."

"ದಿನಾ?"

"ದಿನಾ."

ಅವನು ತಲೆ ಕೆಳಗೆ ಹಾಕಿದ. "ಸರಿ ಇರೋ ಗಾಡಿ ತಿಂಗಳಿಗೊಮ್ಮೆಯೂ ಅಷ್ಟು ಕೇಳೋದಿಲ್ಲ. ಎಲ್ಲೋ ಹೋಸ್ ಪೈಪು ಸೋರ್ತಿತ್ತು. ನನಗೆ ಯಾರೂ ಹೇಳಲಿಲ್ಲ. ಮೀಟರ್ ಸತ್ತಿದೆ ಅಂತ ಮಾತ್ರ ಹೇಳಿದ್ರಿ."

ಹೌದು, ಹೇಳಿರಲಿಲ್ಲ. ಅದು ಹೇಳುವ ವಿಷಯ ಅಂತ ನಮಗೆ ಅನಿಸಲೇ ಇಲ್ಲ. ಗಾಡಿಗೆ ಬಾಯಾರಿಕೆ ಅಂದುಕೊಂಡಿದ್ದೆವು. ಕುಡಿಯಿತಾ, ಕುಡಿಯಿತು. ಮೂರು ತಿಂಗಳು ಅದನ್ನೇ ಹೇಳಿ ನಕ್ಕಿದ್ದೆವು.

ಕಿಶನ್ ಇನ್ನೂ ಏನೋ ಹೇಳಬೇಕು ಅಂತ ನಿಂತಿದ್ದ. ಒಂದು ಸ್ಪ್ಯಾನರ್ ತಗೊಂಡ, ಇಟ್ಟ. ಕೊನೆಗೆ ಹೇಳಿದ.

"ಮೀಟರ್ ಹಾಕುವಾಗ ನೀರು ಇಳಿಸಬೇಕಾಗ್ತದೆ. ಮತ್ತೆ ತುಂಬಿಸಿದರೂ ಒಳಗೆ ಗಾಳಿ ಉಳೀತದೆ. ಗಾಡಿ ಒಮ್ಮೆ ಓಡಿದ ಮೇಲೆ ಗಾಳಿ ಹೊರಗೆ ಬಂದು ನೀರು ಕೆಳಗೆ ಹೋಗ್ತದೆ. ಅದಕ್ಕೇ ಭಾಯಿಸಾಬ್‌ಗೆ ಹೇಳಿದ್ದೆ, ನಾಳೆ ಬೆಳಿಗ್ಗೆ ಗಾಡಿ ತೆಗೆಯೋ ಮೊದಲು ಒಮ್ಮೆ ನೀರು ನೋಡಲೇಬೇಕು ಅಂತ. ಭಾಭಿಗೆ ಹೇಳ್ತೇನೆ, ಅವರೇ ತಾನೇ ದಿನಾ ನೋಡೋದು ಅಂದೆ. ಅವರು ಬೇಡ ಅಂದ್ರು."

"ಬೇಡ ಅಂದ್ರಾ?"

"ಅವಳ ಕೈ ಒಡೆದು ಹೋಗಿದೆ, ಹೇಳಿದರೆ ನಾಳೆಯೂ ಚೆಂಬು ಹಿಡಿದು ಬರ್ತಾಳೆ, ನಾನೇ ನೋಡ್ತೇನೆ ಅಂದ್ರು."

ಆ ಸೋಮವಾರ ಬೆಳಿಗ್ಗೆ ಚೆಂಬು ಹಿಡಿದು ನಾನು ಗಾಡಿಯ ಪಕ್ಕದಲ್ಲೇ ನಿಂತಿದ್ದೆ. ಚೆಂಬಿನ ತುಂಬ ನೀರು ಇತ್ತು. ಮುಚ್ಚಳ ಒಂದು ಮೊಳ ದೂರ. ಒಳಗೆ ಹೋಗು, ಚಳಿ ಅಂದರು. ತಾವೂ ಇಳಿದು ನೋಡಲಿಲ್ಲ. ಮಂಜಿಗೆ ತಡವಾಯಿತು ಅಂತಲೋ, ಮರೆತೋ, ಹಸಿರು ದೀಪದ ಹೊಸ ಮೀಟರಿನ ಮೇಲಿನ ನಂಬಿಕೆಯಿಂದಲೋ. ಬದರ್‌ಪುರ ದಾಟಿದ ಮೇಲೆ ನೆನಪಾಗಿರಬೇಕು. ಅದಕ್ಕೇ ನೀರಿನ ಕ್ಯಾನ್ ಇಳಿಸಲು ಹೋದದ್ದು. ಫೋನಿನಲ್ಲಿ ಅದನ್ನೂ ನನಗೆ ಹೇಳಲಿಲ್ಲ. ನಿನ್ನ ಮುಳ್ಳು ಮಲಗಿದೆ ಅಂದರು.

ಕಿಶನ್ ತನ್ನ ಫೋನ್ ತೆಗೆದು ತೋರಿಸಿದ. ಆರೂ ಇಪ್ಪತ್ತೆರಡರ ಒಂದು ಮಿಸ್ಡ್ ಕಾಲ್. "ನಾನು ಮಲಗಿದ್ದೆ ಭಾಭಿ. ಇದನ್ನು ಅಳಿಸಲಿಕ್ಕೆ ಆಗ್ತಿಲ್ಲ."

"ಅಳಿಸಿ" ಅಂದೆ. "ಇಟ್ಟುಕೊಂಡು ಏನು ಮಾಡ್ತೀರಿ."

ಅವನು ಅಳಿಸಲಿಲ್ಲ. ಫೋನ್ ಜೇಬಿಗೆ ಹಾಕಿದ.

ನನ್ನದೇನೂ ತಪ್ಪಿರಲಿಲ್ಲ ಅಂತ ಗೊತ್ತಾದರೆ ಎದೆ ಹಗುರ ಆಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಆಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಗೋಡೆಯಲ್ಲಿ ಅವರ ಫೋಟೋ ಇದೆ. ಅದಕ್ಕೆ ಬೈದೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಬೈದದ್ದು. ಒಂದು ಚೆಂಬು ನೀರು ಹಾಕುವುದನ್ನು ತಪ್ಪಿಸಿದರೆ ನನ್ನ ಕೈ ಸರಿಹೋಗುತ್ತಿತ್ತಾ? ಉದ್ದು ಯಾರು ತೊಳೆಯುತ್ತಿದ್ದರು? ಹೇಳಿದ್ದರೆ ನಾನು ಕೂಗಾಡುತ್ತಿದ್ದೆನಾ? ಕೂಗಾಡಿಕೊಂಡೇ ನೀರು ಹಾಕುತ್ತಿದ್ದೆ. ತಪ್ಪು ನನ್ನದು ಅಂತ ಇದ್ದಾಗ ಅವರ ಮೇಲೆ ಪ್ರೀತಿ ಮಾತ್ರ ಇತ್ತು. ಈಗ ಸಿಟ್ಟೂ ಇದೆ. ಎರಡನ್ನೂ ಇಟ್ಟುಕೊಂಡು ಇಡ್ಲಿ ಬೇಯಿಸುತ್ತೇನೆ.

ಹೊಸ ವ್ಯಾನಿಗೆ ಪೈಪಿನ ಮೀಟರ್ ಹಾಕಿಸಿದೆ. ಎರಡೂ ಒಂದೇ ಅಂತ ಗೊತ್ತಾದ ಮೇಲೂ ಅದನ್ನೇ ಹಾಕಿಸಿದೆ. ಅವರು ಕೈಗೆ ತಗೊಂಡದ್ದು ಅದನ್ನು. ಕಿಶನ್ ಹೋಸ್ ಪೈಪುಗಳನ್ನೆಲ್ಲ ಹೊಸದು ಹಾಕಿದ, ನೀರಿನ ಬದಲು ಹಸಿರು ಬಣ್ಣದ ಕೂಲೆಂಟ್ ತುಂಬಿಸಿದ. ಮರುದಿನ ಬೆಳಿಗ್ಗೆ ಆರಕ್ಕೆ ಮೊದಲೇ ನಮ್ಮ ಬಾಗಿಲಿಗೆ ಬಂದು ಮುಚ್ಚಳ ತೆಗೆದು ತಾನೇ ನೋಡಿದ, ಕಡಿಮೆಯಾದದ್ದನ್ನು ತುಂಬಿಸಿದ. "ಇನ್ನು ದಿನಾ ನೋಡಬೇಕಾಗಿಲ್ಲ. ವಾರಕ್ಕೊಮ್ಮೆ ಸಾಕು" ಅಂದ.

ಸುಪ್ರೀತಾಳೂ ಅದನ್ನೇ ಹೇಳುತ್ತಾಳೆ. "ಅಮ್ಮ, ಕಿಶನ್ ಅಂಕಲ್ ನೇ ಬೋಲಾ ನಾ, ವಾರಕ್ಕೊಮ್ಮೆ. ಲೇಟ್ ಆಗುತ್ತೆ."

ಆಗಲಿ.

ಇಡ್ಲಿ ಡಬ್ಬಿ ಹತ್ತಿಸುತ್ತೇನೆ. ಸಾಂಬಾರ್ ಬಕೆಟು, ಚಟ್ನಿ ಬಕೆಟು. ಕೆಂಪು ಮುಚ್ಚಳ ಅದೇ. ಮಗಳು ಕೀ ತಿರುಗಿಸುವ ಮೊದಲು, ಗಾಡಿ ತಣ್ಣಗೆ ಇರುವಾಗ, ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿ ತೆಗೆಯುತ್ತೇನೆ. ಮೊಬೈಲಿನ ಟಾರ್ಚು ಹಾಕಿ ಒಳಗೆ ನೋಡುತ್ತೇನೆ. ಹಸಿರು ನೀರು ಕತ್ತಿನವರೆಗೆ ಇರುತ್ತದೆ. ದಿನಾ ಇರುತ್ತದೆ. ಚೆಂಬು ಕೈಯಲ್ಲಿ ಹಾಗೇ ಇರುತ್ತದೆ. ಕುಡಿಯಿತಾ ಅಂತ ಯಾರೂ ಕೇಳುವುದಿಲ್ಲ. ಮುಚ್ಚಳ ಬಿಗಿ ಮಾಡುತ್ತೇನೆ. ಚೆಂಬಿನ ನೀರನ್ನು ಬಸಳೆಯ ಬುಡಕ್ಕೆ ಹಾಕಿ ಗಾಡಿ ಹತ್ತುತ್ತೇನೆ.